ಪಾಠ ಮುಗಿದ ಮೇಲೆ ಯಾರಿರುತ್ತಾರೆ? ಆನ್‌ಲೈನ್ ಶಾಲೆ ಆರಿಸುವಾಗ ಗೆಳೆತನದ ಲೆಕ್ಕ

"ಅಮ್ಮಾ, ನಮ್ಮ ಕ್ಲಾಸಲ್ಲಿ ಒಟ್ಟು ಎಷ್ಟು ಜನ ಇದ್ದಾರೆ?"

ಮಗಳು ಇದನ್ನು ಕೇಳಿದಾಗ ಅವಳು ಆ ಆನ್‌ಲೈನ್ ಶಾಲೆಗೆ ಸೇರಿ ಐದು ತಿಂಗಳಾಗಿತ್ತು. ಆಗ ಅವಳಿಗೆ ಹನ್ನೊಂದು ವರ್ಷ. ಅಂಕಗಳು ಚೆನ್ನಾಗಿ ಬರುತ್ತಿದ್ದವು. ಒಂದೂ ಅಸೈನ್‌ಮೆಂಟ್ ಬಾಕಿ ಇರಲಿಲ್ಲ. ಶಾಲೆಯಿಂದ ಬರುತ್ತಿದ್ದ ರಿಪೋರ್ಟಿನಲ್ಲಿ ಎಲ್ಲ ಸಾಲುಗಳೂ ಹಸಿರು ಬಣ್ಣದಲ್ಲೇ ಇರುತ್ತಿದ್ದವು. ಅವಳ ಪ್ರಶ್ನೆಗೆ ಉತ್ತರ ಮಾತ್ರ ನನಗೂ ಗೊತ್ತಿರಲಿಲ್ಲ. ಲಾಗಿನ್ ಆಗಿ ಹುಡುಕಿದೆ. ಎಲ್ಲೂ ಸಿಗಲಿಲ್ಲ. ಐದು ತಿಂಗಳು ಒಂದು ಕ್ಲಾಸಿನಲ್ಲಿ ಓದಿದ ಮಗುವಿಗೆ ಪಕ್ಕದಲ್ಲಿ ಯಾರಿದ್ದಾರೆ ಅನ್ನುವುದೇ ಗೊತ್ತಿಲ್ಲ.

ಅದೇನೂ ಕೆಟ್ಟ ಶಾಲೆ ಅಲ್ಲ. ಪಾಠ ನಿಜಕ್ಕೂ ಚೆನ್ನಾಗಿತ್ತು. ಆದರೆ ಶಾಲೆ ಆರಿಸುವಾಗ ನಾನು ಸಿಲಬಸ್ ನೋಡಿದ್ದೆ, ಫೀಸು ನೋಡಿದ್ದೆ, ಟೀಚರುಗಳ ಓದು ಅನುಭವ ಎಲ್ಲ ನೋಡಿದ್ದೆ. ಮಗಳು ಯಾರ ಜೊತೆ ಮಾತಾಡುತ್ತಾಳೆ ಅಂತ ಕೇಳಿರಲಿಲ್ಲ. ಎರಡನೇ ಸಲ ಶಾಲೆ ಹುಡುಕುವಾಗ ಅದನ್ನೇ ಮೊದಲು ಕೇಳಿದೆ. ಆ ಹುಡುಕಾಟದಲ್ಲಿ ಕಲಿತದ್ದು, ಆಮೇಲಿನ ಮೂರು ವರ್ಷಗಳಲ್ಲಿ ಕಣ್ಣಾರೆ ಕಂಡದ್ದು ಇಲ್ಲಿದೆ. ನೀವೂ ಎರಡು ಮೂರು ಆನ್‌ಲೈನ್ ಶಾಲೆಗಳ ನಡುವೆ ಯಾವುದು ಅಂತ ತಲೆ ಕೆಡಿಸಿಕೊಂಡಿದ್ದರೆ ಉಪಯೋಗಕ್ಕೆ ಬರಬಹುದು.

ಪಾಠ ಬೇರೆ, ಜೊತೆ ಬೇರೆ

ಮನೆಯಲ್ಲೇ ಕೂತು ಶಾಲೆ ಕಲಿಯುವುದು ಇಂಟರ್ನೆಟ್ ಬಂದ ಮೇಲೆ ಶುರುವಾದದ್ದಲ್ಲ. ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ 1951ರಲ್ಲೇ 'ಸ್ಕೂಲ್ ಆಫ್ ದಿ ಏರ್' ಶುರುವಾಯಿತು. ಊರುಗಳಿಂದ ನೂರಾರು ಕಿಲೋಮೀಟರ್ ದೂರದ ಪಶುಪಾಲನೆಯ ಜಮೀನುಗಳಲ್ಲಿ ಬೆಳೆಯುತ್ತಿದ್ದ ಮಕ್ಕಳಿಗೆ ರೇಡಿಯೋ ಮೂಲಕ ಪಾಠ. ದೂರದ ಮನೆಗಳಿಗೆ ವೈದ್ಯರನ್ನು ಕರೆಯಲು ಬಳಸುತ್ತಿದ್ದ ರೇಡಿಯೋ ಜಾಲವನ್ನೇ ಶಾಲೆಗೂ ಬಳಸಿಕೊಂಡರು. ಈ ಯೋಚನೆ ಅಡಿಲೇಡ್ ಮಿತ್ಕೆ ಎಂಬ ಶಿಕ್ಷಕಿಯದು.

ಇಲ್ಲಿ ಗಮನಿಸಬೇಕಾದ ಒಂದು ವಿಷಯ ಇದೆ. ಆ ಮಕ್ಕಳಿಗೆ ಪಾಠ ಅದಕ್ಕೂ ಮೊದಲೇ ಅಂಚೆಯಲ್ಲಿ ಬರುತ್ತಿತ್ತು. ಓದಿ, ಬರೆದು, ವಾಪಸ್ ಕಳಿಸಿದರೆ ತಿದ್ದಿ ಬರುತ್ತಿತ್ತು. ರೇಡಿಯೋ ಬಂದ ಮೇಲೆ ಹೊಸದಾಗಿ ಸಿಕ್ಕಿದ್ದು ದನಿ. ಟೀಚರ್ ದನಿ, ಅದರ ಜೊತೆಗೆ ಇನ್ನೊಂದು ಮನೆಯ ಇನ್ನೊಂದು ಮಗುವಿನ ದನಿ. ಇವತ್ತಿಗೂ ಆ ಶಾಲೆಯ ಮಕ್ಕಳು ವರ್ಷದಲ್ಲಿ ಕೆಲವು ಸಲ ಊರಿಗೆ ಬಂದು ಒಂದೆಡೆ ಸೇರುತ್ತಾರೆ.

ಪಾಠ ಮುಟ್ಟಿಸುವುದು ಒಂದು ಕೆಲಸ, ಮಕ್ಕಳನ್ನು ಒಬ್ಬರಿಗೊಬ್ಬರು ಮುಟ್ಟಿಸುವುದು ಇನ್ನೊಂದು ಕೆಲಸ ಅಂತ ಅವರಿಗೆ ಎಪ್ಪತ್ತು ವರ್ಷಗಳ ಹಿಂದೆಯೇ ಗೊತ್ತಿತ್ತು. ಶಾಲೆಗಳನ್ನು ಹೋಲಿಸುವಾಗ ಈ ಎರಡನ್ನೂ ಬೇರೆ ಬೇರೆಯಾಗಿ ಅಳೆಯಿರಿ. ಒಂದರಲ್ಲಿ ಚೆನ್ನಾಗಿದ್ದರೆ ಇನ್ನೊಂದರಲ್ಲೂ ಚೆನ್ನಾಗಿರುತ್ತದೆ ಅಂತ ನಾನು ಅಂದುಕೊಂಡಿದ್ದೇ ತಪ್ಪಾಯಿತು.

ಲೈವ್ ಕ್ಲಾಸೋ, ನಮ್ಮ ವೇಗದ ಪಾಠವೋ

ಆನ್‌ಲೈನ್ ಶಾಲೆಗಳನ್ನು ಮೊದಲು ಇಲ್ಲೇ ಎರಡು ಭಾಗ ಮಾಡಬೇಕು. ಕೆಲವು ಶಾಲೆಗಳಲ್ಲಿ ದಿನವೂ ಇಂತಿಷ್ಟು ಹೊತ್ತಿಗೆ ಎಲ್ಲರೂ ಒಟ್ಟಿಗೆ ಕೂರಬೇಕು, ಟೀಚರ್ ನೇರವಾಗಿ ಪಾಠ ಮಾಡುತ್ತಾರೆ. ಅಮೆರಿಕದಲ್ಲಿ 2006ರಲ್ಲಿ ಶುರುವಾದ ಸ್ಟ್ಯಾನ್‌ಫರ್ಡ್ ಆನ್‌ಲೈನ್ ಹೈಸ್ಕೂಲು ಈ ದಾರಿಯದ್ದು. ಅಲ್ಲಿ ಮಕ್ಕಳು ಕೂತು ಚರ್ಚೆ ಮಾಡುವುದೇ ಕ್ಲಾಸಿನ ಜೀವ. ಇನ್ನು ಕೆಲವು ಶಾಲೆಗಳಲ್ಲಿ ಪಾಠಗಳು ಸಿದ್ಧವಾಗಿ ಇರುತ್ತವೆ. ಮಗು ತನಗೆ ಆದಾಗ ನೋಡುತ್ತದೆ, ಬರೆಯುತ್ತದೆ, ಮುಂದಕ್ಕೆ ಹೋಗುತ್ತದೆ. 1997ರಲ್ಲಿ ಶುರುವಾದ ಫ್ಲೋರಿಡಾ ವರ್ಚುವಲ್ ಸ್ಕೂಲಿನಲ್ಲಿ ಇಂಥ ವ್ಯವಸ್ಥೆಯೂ ಇದೆ, ಹೊತ್ತು ಗೊತ್ತು ಇರುವ ಪೂರ್ಣಾವಧಿ ಶಾಲೆಯೂ ಇದೆ. ಎರಡೂ ಒಂದೇ ಸೂರಿನಡಿ.

ಜೊತೆಗಾರರ ಲೆಕ್ಕದಲ್ಲಿ ನೋಡಿದರೆ ಲೈವ್ ಕ್ಲಾಸ್ ಇರುವ ಶಾಲೆ ಒಂದು ಹೆಜ್ಜೆ ಮುಂದೆ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ದಿನವೂ ಅದೇ ಮುಖ, ಅದೇ ದನಿ, ಅದೇ ಹೊತ್ತು. ಮಾತಾಡದೇ ಇದ್ದರೂ ಪರಿಚಯ ಆಗುತ್ತದೆ. ಯಾವ ಹುಡುಗ ತಡವಾಗಿ ಬರುತ್ತಾನೆ, ಯಾರ ಮನೆಯಲ್ಲಿ ನಾಯಿ ಬೊಗಳುತ್ತದೆ, ಯಾರು ಪ್ರಶ್ನೆ ಕೇಳುವ ಮೊದಲು ಮೂರು ಸಲ ಗಂಟಲು ಸರಿಮಾಡಿಕೊಳ್ಳುತ್ತಾರೆ, ಇವೆಲ್ಲ ಮಕ್ಕಳಿಗೆ ಬೇಗ ಗೊತ್ತಾಗುತ್ತವೆ.

ತನ್ನ ವೇಗದ ಪಾಠದಲ್ಲಿ ಇನ್ನೊಂದು ತೊಡಕಿದೆ. ಅದು ಸುಲಭಕ್ಕೆ ಕಾಣುವುದಿಲ್ಲ. ನನ್ನ ಮಗಳು ಗಣಿತದ ಆರನೇ ಅಧ್ಯಾಯದಲ್ಲಿದ್ದಾಗ ಇನ್ನೊಬ್ಬಳು ಮೂರನೆಯದರಲ್ಲಿ, ಮತ್ತೊಬ್ಬ ಹನ್ನೊಂದನೆಯದರಲ್ಲಿ ಇದ್ದಿರಬಹುದು. ಒಂದೇ ಕ್ಲಾಸಿನಲ್ಲಿದ್ದರೂ ಒಂದೇ ಜಾಗದಲ್ಲಿ ಯಾರೂ ಇಲ್ಲ. "ಇವತ್ತಿನ ಲೆಕ್ಕ ನಿಂಗೆ ಬಂತಾ?" ಅಂತ ಕೇಳುವುದಕ್ಕೆ ಜನವೇ ಇಲ್ಲ. ಮಕ್ಕಳ ಮಾತು ಅರ್ಧಕ್ಕರ್ಧ ಶುರುವಾಗುವುದೇ ಆ ಪ್ರಶ್ನೆಯಿಂದ, ಅಲ್ವಾ? ಜೊತೆಗೆ ಇಂಥ ಶಾಲೆಗಳಲ್ಲಿ ವರ್ಷವಿಡೀ ಅಡ್ಮಿಷನ್ ನಡೆಯುತ್ತಿರುತ್ತದೆ. ಒಬ್ಬರು ಬರುವಾಗ ಇನ್ನೊಬ್ಬರು ಮುಗಿಸಿ ಹೋಗಿರುತ್ತಾರೆ. ಒಟ್ಟಿಗೆ ಶುರು ಮಾಡಿದ ತಂಡ ಅಂತ ಒಂದು ಇರುವುದಿಲ್ಲ.

ಹಾಗಂತ ಲೈವ್ ಅಂದ ಕೂಡಲೇ ಒಪ್ಪಬೇಡಿ. ಅರವತ್ತು ಮಕ್ಕಳು ಮ್ಯೂಟಿನಲ್ಲಿ ಕೂತು ಒಬ್ಬ ಟೀಚರನ್ನು ನೋಡುತ್ತಿದ್ದರೆ ಅದಕ್ಕೂ ರೆಕಾರ್ಡಿಂಗಿಗೂ ಜಾಸ್ತಿ ವ್ಯತ್ಯಾಸ ಇಲ್ಲ. ಕೇಳಬೇಕಾದ್ದು ಇಷ್ಟು: ಒಂದು ಲೈವ್ ಕ್ಲಾಸಿನಲ್ಲಿ ಎಷ್ಟು ಮಕ್ಕಳು ಇರುತ್ತಾರೆ? ಬೇರೆ ಬೇರೆ ವಿಷಯದ ಕ್ಲಾಸುಗಳಲ್ಲೂ ಅದೇ ಮಕ್ಕಳು ಇರುತ್ತಾರಾ, ಪ್ರತಿ ವಿಷಯಕ್ಕೂ ಗುಂಪು ಬದಲಾಗುತ್ತದಾ? ಎರಡನೇ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಅದೇ ಮುಖ್ಯ. ಹದಿನೈದು ಮಕ್ಕಳ ಐದು ಬೇರೆ ಗುಂಪುಗಳಲ್ಲಿ ಓದುವ ಮಗುವಿಗೆ ಎಪ್ಪತ್ತು ಚಹರೆ ಪರಿಚಯ ಆಗಬಹುದು. ಹದಿನೈದರ ಒಂದೇ ಗುಂಪಿನಲ್ಲಿ ಎಲ್ಲ ವಿಷಯ ಓದುವ ಮಗುವಿಗೆ ಒಬ್ಬ ಗೆಳತಿ ಸಿಗಬಹುದು.

ಕ್ಲಬ್ಬುಗಳ ಪಟ್ಟಿಗೆ ಮರುಳಾಗಬೇಡಿ

ಹೆಚ್ಚಿನ ಶಾಲೆಗಳು ತಮ್ಮ ಸಮುದಾಯದ ಬಗ್ಗೆ ಹೇಳುವಾಗ ಮೊದಲು ತೋರಿಸುವುದು ಕ್ಲಬ್ಬುಗಳ ಪಟ್ಟಿ. ಚೆಸ್, ಕೋಡಿಂಗ್, ಡಿಬೇಟ್, ಪುಸ್ತಕ, ಚಿತ್ರಕಲೆ, ಮೈನ್‌ಕ್ರಾಫ್ಟ್, ಹೀಗೆ ನಲವತ್ತು ಹೆಸರು. ನೋಡಿದ ಕೂಡಲೇ ಮನಸ್ಸು ತುಂಬಿ ಬರುತ್ತದೆ. ನನಗೂ ಹಾಗೇ ಆಗಿತ್ತು.

ಈಗ ಒಂದು ಚಿಕ್ಕ ಲೆಕ್ಕ ಮಾಡೋಣ. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅನ್ನುವವರು ಗೆಳೆತನಕ್ಕೆ ಎಷ್ಟು ಹೊತ್ತು ಬೇಕು ಅಂತ ಅಧ್ಯಯನ ಮಾಡಿದರು. ಅದು 2018ರಲ್ಲಿ ಹೊರಬಂತು. ಬರೀ ಪರಿಚಯ ಇದ್ದವರು ಸಾಮಾನ್ಯ ಸ್ನೇಹಿತರಾಗಲು ಸುಮಾರು 50 ಗಂಟೆ, ಸ್ನೇಹಿತರು ಅನ್ನಿಸಿಕೊಳ್ಳಲು 90 ಗಂಟೆ, ತೀರಾ ಹತ್ತಿರದವರಾಗಲು 200 ಗಂಟೆಗೂ ಜಾಸ್ತಿ ಒಟ್ಟಿಗೆ ಕಳೆಯಬೇಕು. ಬರೀ ಕೆಲಸದ ಹೊತ್ತು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ, ಹರಟೆ ಆಟದ ಹೊತ್ತಿಗೆ ತೂಕ ಜಾಸ್ತಿ. ಇದು ದೊಡ್ಡವರನ್ನೂ ಕಾಲೇಜಿಗೆ ಹೊಸದಾಗಿ ಸೇರಿದವರನ್ನೂ ನೋಡಿ ಹೇಳಿದ ಮಾತು. ಮಕ್ಕಳಿಗೆ ಅದೇ ಅಂಕಿ ಹೊಂದಬೇಕು ಅಂತೇನಿಲ್ಲ. ಆದರೂ ಗೆಳೆತನಕ್ಕೆ ಗಂಟೆಗಟ್ಟಲೆ ಹೊತ್ತು ಬೇಕು ಅನ್ನುವುದಂತೂ ನಮಗೆಲ್ಲ ಅನುಭವದಿಂದ ಗೊತ್ತಿರುವುದೇ.

ವಾರಕ್ಕೊಮ್ಮೆ 45 ನಿಮಿಷದ ಕ್ಲಬ್, ವರ್ಷಕ್ಕೆ 36 ವಾರದ ಶಾಲೆ ಅಂದುಕೊಳ್ಳಿ. ಒಟ್ಟು 27 ಗಂಟೆ. ಅದರಲ್ಲೂ ಅರ್ಧ ಹೊತ್ತು ಮೇಲ್ವಿಚಾರಕರು ಹೇಳಿದ ಕೆಲಸ ಮಾಡುವುದರಲ್ಲೇ ಕಳೆಯುತ್ತದೆ. ಒಂದು ವರ್ಷ ಒಂದೂ ವಾರ ತಪ್ಪಿಸದೆ ಹೋದರೂ ಮೊದಲ ಮೆಟ್ಟಿಲು ಮುಟ್ಟುವುದಿಲ್ಲ.

ಇನ್ನೊಂದು ಶಾಲೆ. ಅಲ್ಲಿ ಕ್ಲಬ್ಬುಗಳು ಆರೇ ಆರು. ಆದರೆ ದಿನದ ಕೊನೆಯ ಕ್ಲಾಸು ಮುಗಿದ ಮೇಲೆ ಟೀಚರ್ ಹದಿನೈದು ನಿಮಿಷ ರೂಮ್ ಮುಚ್ಚುವುದಿಲ್ಲ. ಇರುವವರು ಇರಬಹುದು, ಹೋಗುವವರು ಹೋಗಬಹುದು. ವಾರಕ್ಕೆ 75 ನಿಮಿಷ, ವರ್ಷಕ್ಕೆ 45 ಗಂಟೆ. ಅದೂ ಹೆಚ್ಚುಕಮ್ಮಿ ಅದೇ ಐದಾರು ಮಕ್ಕಳ ಜೊತೆ, ಸುಮ್ನೆ ಹರಟುತ್ತಾ.

ನಾವು ಎರಡನೇ ಸಲ ಸೇರಿಸಿದ ಶಾಲೆ ಇಂಥದ್ದು. ಮೊದಲ ವಾರ ಮಗಳು ಕ್ಲಾಸ್ ಮುಗಿದ ತಕ್ಷಣ ಹೊರಗೆ ಬಂದುಬಿಡುತ್ತಿದ್ದಳು. ಅವಳಿಗೆ ಅದೇ ಅಭ್ಯಾಸ. ಎರಡನೇ ವಾರ ಒಂದು ದಿನ ಕೈ ಮೌಸಿನ ಮೇಲೇ ಇತ್ತು, ಒತ್ತಲಿಲ್ಲ. ನಾನು ಬಾಗಿಲ ಹತ್ತಿರ ಬಟ್ಟೆ ಮಡಚುತ್ತಿದ್ದೆ. ಪರದೆಯಲ್ಲಿ ಆರು ಚೌಕ ಉಳಿದಿದ್ದವು. ಒಂದರಲ್ಲಿ ಒಬ್ಬಳು ತಲೆ ಬಗ್ಗಿಸಿ ಏನೋ ಬಿಡಿಸುತ್ತಿದ್ದಳು. ಕಾಣುತ್ತಿದ್ದದ್ದು ಅವಳ ಬೈತಲೆ ಮಾತ್ರ.

"ಏನು ಬಿಡಿಸ್ತಿದ್ದೀಯ?" ಅಂತ ಮಗಳು ಕೇಳಿದಳು. ಆ ಹುಡುಗಿ ಪುಸ್ತಕವನ್ನು ಕ್ಯಾಮೆರಾಕ್ಕೆ ಅಂಟಿಸಿದಂತೆ ಹಿಡಿದಳು. ಚೌಕ ಪೂರ್ತಿ ಬೆಳ್ಳಗಾಯಿತು. "ಹಿಂದೆ, ಹಿಂದೆ, ಇನ್ನೂ ಹಿಂದೆ" ಅಂತ ಎಲ್ಲರೂ ಕೂಗಿದರು. ಕೊನೆಗೆ ಒಂದು ಡ್ರ್ಯಾಗನ್ ಕಾಣಿಸಿತು, ಅದಕ್ಕೆ ಒಂದೇ ರೆಕ್ಕೆ. "ಇನ್ನೊಂದು ಹೇಗೆ ಬಿಡಿಸೋದು ಅಂತ ಗೊತ್ತಾಗ್ತಿಲ್ಲ" ಅಂದಳು. ಆ ರಾತ್ರಿ ನನ್ನ ಮಗಳು ಒಂದು ಹಾಳೆಯ ತುಂಬ ಬರೀ ರೆಕ್ಕೆ ಬಿಡಿಸಿದಳು.

ಆ ಹುಡುಗಿಯೇ ಇವತ್ತಿಗೂ ಅವಳ ಹತ್ತಿರದ ಗೆಳತಿ. ಅವಳನ್ನು ತಂದುಕೊಟ್ಟಿದ್ದು ಯಾವ ಕ್ಲಬ್ಬೂ ಅಲ್ಲ. ಯಾರೂ ಏನೂ ಹೇಳಿಕೊಡದೆ ಬಿಟ್ಟ ಹದಿನೈದು ನಿಮಿಷ.

ಅದಕ್ಕೇ ನಾನು ಹೇಳುವುದು, ಎಷ್ಟು ಕ್ಲಬ್ ಇದೆ ಅಂತ ಕೇಳಬೇಡಿ. ಕ್ಲಾಸು ಶುರುವಾಗುವ ಮೊದಲು ಮಕ್ಕಳು ರೂಮಿಗೆ ಬರಬಹುದಾ, ಮುಗಿದ ಮೇಲೆ ಉಳಿಯಬಹುದಾ ಅಂತ ಕೇಳಿ. ಬಿಡುವಿನ ಹೊತ್ತಿನಲ್ಲಿ ಮಕ್ಕಳೇ ಬಂದು ಕೂರುವಂಥ ತೆರೆದ ರೂಮ್ ಇದೆಯಾ, ಅಲ್ಲಿ ಯಾರಾದರೂ ದೊಡ್ಡವರು ಸುಮ್ಮನೆ ಇರುತ್ತಾರಾ ಅಂತ ಕೇಳಿ. ಕ್ಲಬ್ ಬಗ್ಗೆ ಕೇಳಲೇಬೇಕು ಅನ್ನಿಸಿದರೆ, ಕಳೆದ ತಿಂಗಳು ನಿಜಕ್ಕೂ ಸೇರಿದ ಕ್ಲಬ್ಬುಗಳು ಎಷ್ಟು, ಒಂದೊಂದಕ್ಕೆ ಎಷ್ಟು ಮಕ್ಕಳು ಬಂದಿದ್ದರು ಅಂತ ಕೇಳಿ. ಪಟ್ಟಿಯಲ್ಲಿರುವ ನಲವತ್ತರಲ್ಲಿ ಎಷ್ಟು ಜೀವಂತ ಇವೆ ಅಂತ ಆಗ ತಿಳಿಯುತ್ತದೆ.

ದೊಡ್ಡ ಶಾಲೆ, ಚಿಕ್ಕ ಶಾಲೆ

ದೊಡ್ಡ ಶಾಲೆಯಲ್ಲಿ ನಿಮ್ಮ ಮಗುವಿನ ಅಪರೂಪದ ಆಸಕ್ತಿಗೆ ಜೊತೆ ಸಿಗುವ ಸಾಧ್ಯತೆ ಜಾಸ್ತಿ. ಸಾವಿರ ಮಕ್ಕಳಿದ್ದರೆ ಜೇಡಗಳ ಬಗ್ಗೆ ಹುಚ್ಚಿರುವ ಇನ್ನೊಬ್ಬ ಹುಡುಗ ಎಲ್ಲೋ ಇದ್ದೇ ಇರುತ್ತಾನೆ. ಚಿಕ್ಕ ಶಾಲೆಯಲ್ಲಿ ಅವನಿರಲಿಕ್ಕಿಲ್ಲ, ಆದರೆ ಇರುವ ಮೂವತ್ತು ಮಕ್ಕಳಿಗೂ ನಿಮ್ಮ ಮಗುವಿನ ಹೆಸರು ಗೊತ್ತಿರುತ್ತದೆ.

1950ರಲ್ಲಿ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಜರ್ ಮತ್ತು ಸಂಗಡಿಗರು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ವಸತಿಗಳಲ್ಲಿ ಮಾಡಿದ ಅಧ್ಯಯನವೊಂದನ್ನು ಪ್ರಕಟಿಸಿದರು. ಯಾರು ಯಾರಿಗೆ ಸ್ನೇಹಿತರಾಗಿದ್ದರು ಅಂತ ನೋಡಿದರೆ, ಪಕ್ಕದ ಬಾಗಿಲಿನವರೇ ಜಾಸ್ತಿ. ಮೆಟ್ಟಿಲ ಬುಡದಲ್ಲಿ ಮನೆ ಇದ್ದವರಿಗೆ ಮೇಲಿನ ಮಹಡಿಯವರೂ ಸ್ನೇಹಿತರು, ಯಾಕೆಂದರೆ ಹೋಗಿ ಬರುವಾಗ ದಿನವೂ ಕಣ್ಣಿಗೆ ಬೀಳುತ್ತಿದ್ದರು. ಆನ್‌ಲೈನ್ ಶಾಲೆಗೆ ಮೆಟ್ಟಿಲು ಇಲ್ಲ. ಯಾರಾದರೂ ಕಟ್ಟಿಕೊಡಬೇಕು.

ದೊಡ್ಡ ಶಾಲೆ ಒಳ್ಳೆಯದೋ ಅಲ್ಲವೋ ಅನ್ನುವುದು ಈ ಒಂದು ವಿಷಯದ ಮೇಲೆ ನಿಂತಿದೆ. ಅದು ತನ್ನ ಒಳಗೆ ಚಿಕ್ಕ ಗುಂಪುಗಳನ್ನು ಕಟ್ಟಿದೆಯಾ? ಬೆಳಗ್ಗೆ ಹತ್ತು ನಿಮಿಷ ಒಬ್ಬ ಟೀಚರ್ ಜೊತೆ ಅದೇ ಹನ್ನೆರಡು ಮಕ್ಕಳು ಸೇರುವ ಹೋಮ್‌ರೂಮ್ ಇದ್ದರೆ ಸಾವಿರ ಮಕ್ಕಳಿದ್ದರೂ ಅಡ್ಡಿ ಇಲ್ಲ. ಅದಿಲ್ಲದ ದೊಡ್ಡ ಶಾಲೆಗಿಂತ ಚಿಕ್ಕದೇ ವಾಸಿ. ಚಿಕ್ಕ ಶಾಲೆಯಲ್ಲಿ ಒಂದು ಅಪಾಯವನ್ನೂ ನೆನಪಿಡಿ: ಅಲ್ಲಿ ಇಬ್ಬರ ನಡುವೆ ಜಗಳವಾದರೆ ತಪ್ಪಿಸಿಕೊಂಡು ಹೋಗಲು ಇನ್ನೊಂದು ಗುಂಪು ಇರುವುದಿಲ್ಲ.

ಗಡಿಯಾರದ ಜಗಳ

ಜಗತ್ತಿನ ಎಲ್ಲ ಕಡೆಯ ಮಕ್ಕಳು ಒಂದೇ ಶಾಲೆಯಲ್ಲಿ ಅನ್ನುವ ಮಾತು ಕೇಳಲು ಬಹಳ ಚಂದ. ನಿಜಕ್ಕೂ ಅದರಲ್ಲಿ ಲಾಭ ಇದೆ. ಆದರೆ ಎಂಟು ಗಂಟೆ ಅಂತರದ ಇಬ್ಬರು ಮಕ್ಕಳಲ್ಲಿ ಒಬ್ಬಳಿಗೆ ಬೆಳಗ್ಗೆ ಒಂಬತ್ತಾದಾಗ ಇನ್ನೊಬ್ಬಳಿಗೆ ಸಂಜೆ ಐದು. ಕ್ಲಾಸು ಹೇಗೋ ಹೊಂದುತ್ತದೆ. ಕ್ಲಾಸಿನ ಆಚೆಯ ಹೊತ್ತು ಹೊಂದುವುದಿಲ್ಲ. ಒಬ್ಬಳಿಗೆ ಹರಟುವ ಹುಮ್ಮಸ್ಸು ಬಂದಾಗ ಇನ್ನೊಬ್ಬಳು ಮಲಗಿರುತ್ತಾಳೆ.

ಇನ್ನೊಂದು ಸಣ್ಣ ವಿಷಯ. ಕೆಲವು ದೇಶಗಳಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರವನ್ನು ಒಂದು ಗಂಟೆ ಹಿಂದೆ ಮುಂದೆ ಮಾಡುತ್ತಾರೆ, ಕೆಲವು ದೇಶಗಳಲ್ಲಿ ಇಲ್ಲ. ಮಾಡುವವರೂ ಒಂದೇ ದಿನ ಮಾಡುವುದಿಲ್ಲ. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ, ಯುರೋಪಿನಲ್ಲಿ ಮಾರ್ಚ್ ತಿಂಗಳ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಎಲ್ಲರ ಲೆಕ್ಕ ತಪ್ಪುತ್ತದೆ. ಒಂದು ಮಾರ್ಚಿನಲ್ಲಿ ಮಗಳು ಎರಡು ವಾರ ಸಾಲಾಗಿ ಚಿತ್ರದ ಗುಂಪಿಗೆ ಸರಿಯಾದ ಹೊತ್ತಿಗೇ ಹೋಗಿ ಖಾಲಿ ರೂಮ್ ನೋಡಿಕೊಂಡು ಬಂದಳು. ಯಾರೂ ಅವಳಿಗೆ ಬೇಕಂತ ಹೇಳದೆ ಇದ್ದದ್ದಲ್ಲ. ಆದರೆ ಖಾಲಿ ರೂಮಿನಲ್ಲಿ ಕಾಯುವ ಮಗುವಿಗೆ ಅದು ಗೊತ್ತಾಗುವುದು ಹೇಗೆ?

ನಿಮ್ಮ ಟೈಮ್ ಝೋನಿಗೆ ಎರಡು ಮೂರು ಗಂಟೆ ಆಚೀಚೆ ಇರುವ ಮಕ್ಕಳು ನಿಮ್ಮ ಮಗುವಿನ ತರಗತಿಯಲ್ಲಿ ಎಷ್ಟು ಜನ ಇದ್ದಾರೆ ಅಂತ ಶಾಲೆಯನ್ನು ಕೇಳಿ. ಎಷ್ಟು ದೇಶ ಅನ್ನುವ ಸಂಖ್ಯೆಗಿಂತ ಇದು ಮುಖ್ಯ.

ಮಾತು ಎಲ್ಲಿ ನಡೆಯುತ್ತದೆ

ಮಕ್ಕಳು ಕ್ಲಾಸಿನ ಹೊರಗೆ ಮಾತಾಡುವ ಜಾಗ ಎರಡು ತರಹ. ಒಂದು ಶಾಲೆಯೇ ನಡೆಸುವ ಚಾಟ್. ಅಲ್ಲಿ ದೊಡ್ಡವರ ಕಣ್ಣಿರುತ್ತದೆ, ಹೊರಗಿನವರು ಬರುವ ಹಾಗಿಲ್ಲ. ಇನ್ನೊಂದು ಮಕ್ಕಳೇ ಮಾಡಿಕೊಂಡ ವಾಟ್ಸ್‌ಆ್ಯಪ್ ಅಥವಾ ಡಿಸ್ಕಾರ್ಡ್ ಗುಂಪು. ಈ ಎರಡರಲ್ಲೂ ಮಗು ತಾನೇ ಖಾತೆ ತೆರೆಯಲು ಕನಿಷ್ಠ 13 ವರ್ಷ ಆಗಿರಬೇಕು ಅಂತ ಆ ಕಂಪನಿಗಳದ್ದೇ ನಿಯಮ ಇದೆ.

ಶಾಲೆಯ ಚಾಟ್ ಇಲ್ಲದೆ ಹೋದರೆ ಏನಾಗುತ್ತದೆ ಅಂದರೆ, ಮಕ್ಕಳ ಮಾತು ನಿಲ್ಲುವುದಿಲ್ಲ, ಹೊರಗೆ ಹೋಗುತ್ತದೆ. ಹತ್ತು ಹನ್ನೊಂದು ವರ್ಷದ ಮಗುವಿಗೆ ಆಗ ಎರಡೇ ದಾರಿ: ವಯಸ್ಸು ಸುಳ್ಳು ಹೇಳಿ ಒಳಗೆ ಹೋಗುವುದು, ಇಲ್ಲಾ ಹೊರಗೆ ಉಳಿಯುವುದು. ಎರಡೂ ಸರಿಯಲ್ಲ. ಚಿಕ್ಕ ಮಕ್ಕಳಿಗೆ ಶಾಲೆ ಹುಡುಕುತ್ತಿದ್ದರೆ ಶಾಲೆಯದ್ದೇ ಚಾಟ್ ಇರಲೇಬೇಕು ಅಂತ ನಾನು ಹೇಳುತ್ತೇನೆ. ಇದರಲ್ಲಿ ರಾಜಿ ಬೇಡ.

ಆದರೆ ಚಾಟ್ ಇದೆ ಅಂದರೆ ಸಾಲದು. ನಾನು ನೋಡಿದ ಒಂದು ಶಾಲೆಯಲ್ಲಿ ಚಾಟ್ ಇತ್ತು, ಮಕ್ಕಳು ಬರೆದ ಪ್ರತಿ ಸಾಲೂ ಟೀಚರ್ ಒಪ್ಪಿದ ಮೇಲೇ ಕಾಣಿಸುತ್ತಿತ್ತು. ಬೆಳಗ್ಗೆ "ಹಾಯ್" ಅಂದರೆ ಮಧ್ಯಾಹ್ನ ತಲುಪುತ್ತಿತ್ತು. ಅಂಥ ಕಡೆ ಯಾರು ಮಾತಾಡುತ್ತಾರೆ? ಇನ್ನೊಂದು ಕಡೆ ಕಾವಲೇ ಇರಲಿಲ್ಲ. ಸರಿಯಾದದ್ದು ನಡುವೆ ಎಲ್ಲೋ ಇದೆ: ಮಕ್ಕಳು ಆರಾಮಾಗಿ ಬರೆಯುತ್ತಾರೆ, ದೊಡ್ಡವರು ದಿನವೂ ಓದುತ್ತಾರೆ, ಯಾರಾದರೂ ಯಾರನ್ನಾದರೂ ನೋಯಿಸಿದರೆ ಯಾರಿಗೆ ಹೇಳಬೇಕು ಅಂತ ಪ್ರತಿ ಮಗುವಿಗೂ ಗೊತ್ತಿರುತ್ತದೆ. ಹೋದ ಸಲ ಇಂಥ ದೂರು ಬಂದಾಗ ಏನು ಮಾಡಿದಿರಿ ಅಂತ ಶಾಲೆಯನ್ನು ಕೇಳಿ. "ನಮ್ಮಲ್ಲಿ ಅಂಥದ್ದು ಆಗೋದೇ ಇಲ್ಲ" ಅಂದರೆ ಹುಷಾರಾಗಿ. ಮಕ್ಕಳಿದ್ದ ಕಡೆ ಆಗಿಯೇ ಆಗುತ್ತದೆ. ಆಗಿದ್ದು ಯಾರ ಗಮನಕ್ಕೂ ಬಂದಿಲ್ಲ ಅಂತ ಅರ್ಥ.

ಕ್ಯಾಮೆರಾ ಮತ್ತು ಭೇಟಿ

ಕ್ಯಾಮೆರಾ ಹಾಕಲೇಬೇಕು ಅನ್ನುವ ಶಾಲೆಯೂ ಇದೆ, ಬೇಡವೇ ಬೇಡ ಅನ್ನುವ ಶಾಲೆಯೂ ಇದೆ. ಮುಖ ಕಾಣದೆ ಸ್ನೇಹ ಬೆಳೆಯುವುದು ಕಷ್ಟ. ಆದರೆ ದಿನವಿಡೀ ಕ್ಯಾಮೆರಾ ಮುಂದೆ ಕೂರುವುದೂ ದಣಿವಿನ ಕೆಲಸ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕ ಜೆರೆಮಿ ಬೈಲೆನ್ಸನ್ 2021ರಲ್ಲಿ ಈ ದಣಿವಿಗೆ ಕೊಟ್ಟ ಕಾರಣಗಳಲ್ಲಿ ಒಂದು, ನಮ್ಮ ಮುಖವನ್ನು ನಾವೇ ಹೊತ್ತುಗಟ್ಟಲೆ ನೋಡುತ್ತಾ ಕೂರುವುದು. ಹದಿಮೂರು ಹದಿನಾಲ್ಕರ ಮಕ್ಕಳಿಗೆ ಇದು ಇನ್ನೂ ಕಷ್ಟ ಅಂತ ನನಗನ್ನಿಸುತ್ತದೆ. ತನ್ನ ಚಿತ್ರ ತನಗೆ ಕಾಣದಂತೆ ಮಾಡುವ ಆಯ್ಕೆ ಸೆಟ್ಟಿಂಗಿನಲ್ಲಿ ಇರುತ್ತದೆ. ಅದನ್ನು ಮೊದಲ ದಿನವೇ ಮಗುವಿಗೆ ತೋರಿಸಿಕೊಡಿ. ಶಾಲೆಯ ಮಟ್ಟಿಗೆ ಹೇಳುವುದಾದರೆ, ಚಿಕ್ಕ ಗುಂಪಿನ ಚರ್ಚೆಗೆ ಕ್ಯಾಮೆರಾ, ಉಳಿದ ಹೊತ್ತು ಮಗುವಿನ ಇಷ್ಟ ಅನ್ನುವ ಶಾಲೆ ನನಗೆ ಸರಿ ಕಂಡಿತು.

ವರ್ಷಕ್ಕೆ ಒಂದೋ ಎರಡೋ ಸಲ ಮುಖಾಮುಖಿ ಸೇರಿಸುವ ಶಾಲೆಗಳಿವೆ. ಹೋಗಲು ಸಾಧ್ಯ ಇದ್ದರೆ ಅದಕ್ಕೆ ದೊಡ್ಡ ಬೆಲೆ ಇದೆ. ಆದರೆ ಅದು ಇರುವ ಸ್ನೇಹವನ್ನು ಗಟ್ಟಿ ಮಾಡುತ್ತದೆ, ಇಲ್ಲದ್ದನ್ನು ಹುಟ್ಟಿಸುವುದು ಕಡಿಮೆ. ಮಗಳು ಡ್ರ್ಯಾಗನ್ ಗೆಳತಿಯನ್ನು ಮೊದಲ ಸಲ ನೇರ ನೋಡಿದಾಗ ಇಬ್ಬರೂ ಒಂದು ನಿಮಿಷ ಸುಮ್ಮನೆ ನಿಂತಿದ್ದರು. "ನೀನು ಇಷ್ಟು ಎತ್ತರ ಇದ್ದೀಯಾ!" ಅಂತ ಅವಳು ಅಂದಳು. ಎರಡು ವರ್ಷದಿಂದ ದಿನವೂ ನೋಡಿದವರಿಗೆ ಒಬ್ಬರ ಎತ್ತರ ಒಬ್ಬರಿಗೆ ಗೊತ್ತಿರಲಿಲ್ಲ. ಆಮೇಲೆ ಸಂಜೆವರೆಗೂ ಅವರನ್ನು ಹಿಡಿಯುವುದಕ್ಕಾಗಲಿಲ್ಲ.

ಯಾವ ಮಗುವಿಗೆ ಯಾವುದು

ಇಲ್ಲಿಯವರೆಗೆ ಹೇಳಿದ್ದೆಲ್ಲ ನನ್ನ ಮಗಳಂಥ ಮಗುವಿಗೆ. ನನ್ನ ಅಕ್ಕನ ಮಗ ಬೇರೆ ತರಹ. ಅವನು ಈಜುಗಾರ. ಬೆಳಗ್ಗೆ ಮೂರು ಗಂಟೆ, ಸಂಜೆ ಎರಡು ಗಂಟೆ ನೀರಿನಲ್ಲೇ ಇರುತ್ತಾನೆ. ಅವನ ಗೆಳೆಯರ ದಂಡು ಅಲ್ಲೇ ಇದೆ. ಅವನಿಗೆ ಶಾಲೆಯಿಂದ ಬೇಕಾದ್ದು ಪಾಠ ಮಾತ್ರ, ಅದೂ ಅವನಿಗೆ ಬಿಡುವಾದಾಗ. ಮಗಳಿಗೆ ಒಗ್ಗದೆ ಹೋದ ಅದೇ ಮಾದರಿಯ ಶಾಲೆಯಲ್ಲಿ ಅವನು ನಾಲ್ಕು ವರ್ಷದಿಂದ ಖುಷಿಯಾಗಿದ್ದಾನೆ. ಆದ್ದರಿಂದ ಮೊದಲು ಒಂದು ಹಾಳೆ ತೆಗೆದುಕೊಂಡು, ನಿಮ್ಮ ಮಗು ವಾರದಲ್ಲಿ ಮನೆಯವರನ್ನು ಬಿಟ್ಟು ಬೇರೆ ಮಕ್ಕಳ ಜೊತೆ ಎಷ್ಟು ಗಂಟೆ ಇರುತ್ತದೆ ಅಂತ ಬರೆಯಿರಿ. ಹತ್ತು ಗಂಟೆ ಮೇಲಿದ್ದರೆ ಶಾಲೆಯ ಸಮುದಾಯಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಎರಡು ಮೂರು ಗಂಟೆಯೂ ಇಲ್ಲದಿದ್ದರೆ ಬೇರೆಲ್ಲಕ್ಕಿಂತ ಅದನ್ನೇ ಮೊದಲು ನೋಡಿ.

ಹಳೆಯ ಶಾಲೆಯಲ್ಲಿ ಬೇರೆ ಮಕ್ಕಳಿಂದ ನೊಂದು ಆನ್‌ಲೈನಿಗೆ ಬರುವ ಮಗುವಿಗೆ ಮೊದಲ ಕೆಲವು ತಿಂಗಳು ದೂರ ಇರಲು ಬಿಡಿ. ಕ್ಯಾಮೆರಾ ಒತ್ತಾಯ ಇರದ, ಚಾಟಿನಲ್ಲಿ ಬರೆದು ಉತ್ತರ ಕೊಡಬಹುದಾದ ಶಾಲೆ ಅಂಥವರಿಗೆ ಒಳ್ಳೆಯದು. ಬರೆದು ಮಾತಾಡುವುದರಲ್ಲಿ ಯೋಚಿಸಲು ಸಮಯ ಸಿಗುತ್ತದೆ. ನಾಚಿಕೆ ಸ್ವಭಾವದ ಎಷ್ಟೋ ಮಕ್ಕಳು ಹಾಗೇ ಅರಳುತ್ತಾರೆ. ಆದರೆ ಒಬ್ಬ ಟೀಚರ್ ಅವರನ್ನು ಹೆಸರು ಹಿಡಿದು ವಿಚಾರಿಸುತ್ತಿರಬೇಕು. ಇಲ್ಲದಿದ್ದರೆ ಬಿಡುವು ಅನ್ನುವುದು ಸದ್ದಿಲ್ಲದೆ ಒಂಟಿತನವಾಗಿಬಿಡುತ್ತದೆ.

ಕಾಯಿಲೆಯಿಂದಾಗಿ ಮನೆಯಲ್ಲೇ ಇರಬೇಕಾದ ಮಕ್ಕಳಿಗೆ ಎರಡೂ ಬೇಕು. ಆದ ದಿನ ಲೈವ್, ಆಗದ ದಿನ ರೆಕಾರ್ಡಿಂಗ್. ಕ್ಲಾಸು ತಪ್ಪಿದರೂ ಗುಂಪು ತಪ್ಪಬಾರದು. ಬಾರದ ದಿನ ಜೊತೆಯ ಮಕ್ಕಳು "ಎಲ್ಲಿ ಹೋದಳು?" ಅಂತ ಕೇಳುವಂಥ ಗುಂಪು ಇದ್ದರೆ ಅದನ್ನು ಬಿಡಬೇಡಿ, ಸಿಲಬಸ್ ಸ್ವಲ್ಪ ಹೆಚ್ಚುಕಮ್ಮಿ ಇದ್ದರೂ ಪರವಾಗಿಲ್ಲ.

ಫೀಸು ಕಟ್ಟುವ ಮೊದಲು

ಡೆಮೊ ಕ್ಲಾಸ್ ಅಂತ ಶಾಲೆಗಳು ಬೇರೆಯೇ ಒಂದು ಕ್ಲಾಸು ಇಡುತ್ತವೆ. ಅದರಲ್ಲಿ ಎಲ್ಲರೂ ಹೊಸಬರೇ. ಅದನ್ನು ನೋಡಿ ಏನೂ ತಿಳಿಯುವುದಿಲ್ಲ. ನಿಜವಾದ ತರಗತಿಯಲ್ಲಿ ಒಂದು ದಿನ ಮಗುವನ್ನು ಕೂರಿಸುತ್ತೀರಾ ಅಂತ ಕೇಳಿ. ಕೆಲವು ಶಾಲೆಗಳು ಒಪ್ಪುತ್ತವೆ. ಮಕ್ಕಳ ಸುರಕ್ಷತೆಗಾಗಿ ಹೊರಗಿನವರನ್ನು ಬಿಡುವುದಿಲ್ಲ ಅಂದರೆ ಅದೂ ನ್ಯಾಯವೇ. ಆಗ ಈಗಾಗಲೇ ಓದುತ್ತಿರುವ ಮಗುವಿನ ಮನೆಯವರೊಬ್ಬರ ಜೊತೆ ಮಾತಾಡಿಸಿ ಅನ್ನಿ. ಅವರನ್ನು "ಶಾಲೆ ಹೇಗಿದೆ?" ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. "ನಿಮ್ಮ ಮಗು ಕ್ಲಾಸಿನ ಯಾರ ಹೆಸರು ಜಾಸ್ತಿ ಹೇಳುತ್ತೆ?" ಅಂತ ಕೇಳಿ. ತಕ್ಷಣ ಎರಡು ಹೆಸರು ಬಂದರೆ ಒಳ್ಳೆಯ ಲಕ್ಷಣ. ಯೋಚಿಸಬೇಕಾಗಿ ಬಂದರೆ ಅದೂ ಒಂದು ಉತ್ತರವೇ.

ಕ್ಲಾಸಿನಲ್ಲಿ ಕೂರಲು ಬಿಟ್ಟರೆ, ಪಾಠ ಹೇಗೆ ಮಾಡುತ್ತಾರೆ ಅಂತ ನೋಡುವುದರ ಜೊತೆಗೆ ಕೊನೆಯ ಐದು ನಿಮಿಷ ಕಣ್ಣಿಟ್ಟು ನೋಡಿ. ಟೀಚರ್ "ಸರಿ, ನಾಳೆ ಸಿಗೋಣ" ಅಂದ ಮೇಲೆ ಚೌಕಗಳು ಒಂದೇ ಸಲಕ್ಕೆ ಖಾಲಿಯಾಗುತ್ತವಾ? ಒಂದೆರಡು ಉಳಿಯುತ್ತವಾ? ಉಳಿದವರಲ್ಲಿ ಯಾರಾದರೂ ನಿಮ್ಮ ಮಗುವಿನ ಕಡೆ ತಿರುಗಿ "ನೀನು ಹೊಸಬಳಾ?" ಅಂತಾರಾ? ನಮ್ಮ ಮಗಳಿಗೆ ಅವತ್ತು ಹಾಗೆ ಕೇಳಿದ್ದು ಬೆಕ್ಕು ಎತ್ತಿಕೊಂಡಿದ್ದ ಒಬ್ಬ ಹುಡುಗ. ಅವಳು ಹೂಂ ಅಂದಳು. ಅವನು ಬೆಕ್ಕಿನ ಮುಂಗಾಲು ಹಿಡಿದು ಅವಳಿಗೆ ಕೈ ಬೀಸಿಸಿದ.